ಕಡತದಲ್ಲಿ ನಿರ್ಧಾರ ಯಾರದು?

ಆಕೆಯ ತಾಯಿ ಸರ್ಕಾರಿ ಸೇವೆಯಲ್ಲಿದ್ದಾಗಲೇ ತೀರಿಕೊಂಡಿದ್ದರು. ಇದ್ದವಳು ಒಬ್ಬಳೇ ಮಗಳು. ಮದುವೆಯಾದ ಮೇಲೂ ತಾಯಿಯ ಜೊತೆಗೇ ಇದ್ದು ನೋಡಿಕೊಂಡವಳು. ಅನುಕಂಪದ ಆಧಾರದ ಮೇಲೆ ಒಂದು ಕೆಲಸ ಕೊಡಿ ಎಂದು ಅವಳು ಹಾಕಿದ ಅರ್ಜಿ ಕೆಳಗಿನ ಕಚೇರಿಗಳನ್ನೆಲ್ಲ ದಾಟಿ ಬೆಂಗಳೂರಿನ ಸಚಿವಾಲಯದಲ್ಲಿದ್ದ ನನ್ನ ಮೇಜಿಗೆ ಬಂತು. ನಿಯಮದ ಪುಸ್ತಕ ತೆರೆದು ನೋಡಿ ಟಿಪ್ಪಣಿ ಬರೆದೆ: ‘ನಿಯಮಾನುಸಾರ ವಿವಾಹಿತ ಮಗಳಿಗೆ ಅವಕಾಶವಿರುವುದಿಲ್ಲ. ಆದೇಶಕ್ಕಾಗಿ ಸಲ್ಲಿಸಿದೆ.’ ನನ್ನ ಮೇಲಿನ ನಾಲ್ವರು ಅದರ ಕೆಳಗೆ ಸಹಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು.

ನನ್ನ ಟಿಪ್ಪಣಿಯಲ್ಲಿ ತಪ್ಪಿರಲಿಲ್ಲ. ಅನುಕಂಪದ ನೇಮಕಾತಿಗೆ ಸಂಬಂಧಿಸಿದ 1996ರ ನಿಯಮಗಳಲ್ಲಿ ‘ಅವಿವಾಹಿತ ಮಗಳು’ ಎಂದೇ ಇತ್ತು. ಮಗನಿಗೆ ಮದುವೆಯಾಗಿದೆಯೋ ಇಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ. ಮುಂದೆ 2020ರ ಡಿಸೆಂಬರ್‌ನಲ್ಲಿ, ಬೇರೊಬ್ಬ ಹೆಣ್ಣುಮಗಳ ಮೊಕದ್ದಮೆಯಲ್ಲಿ, ಕರ್ನಾಟಕ ಹೈಕೋರ್ಟ್ ಈ ಭೇದ ಸಂವಿಧಾನಕ್ಕೆ ವಿರುದ್ಧ ಎಂದು ಹೇಳಿತು. 2021ರಲ್ಲಿ ಸರ್ಕಾರ ನಿಯಮವನ್ನು ತಿದ್ದಿತು. ತೀರ್ಪಿನ ಸುದ್ದಿ ಓದಿದ ದಿನ ನನ್ನನ್ನು ಕಾಡಿದ ಪ್ರಶ್ನೆ ಒಂದೇ. ಆ ಕಡತವನ್ನು ಐದು ಜನ ನೋಡಿದೆವು. ‘ಈ ನಿಯಮವೇ ನ್ಯಾಯವಾಗಿ ಕಾಣುತ್ತಿಲ್ಲ, ತಿದ್ದುಪಡಿಗೆ ಪರಿಶೀಲಿಸಬಹುದು’ ಎಂದು ಬರೆಯಲು ಹಾಳೆಯಲ್ಲಿ ಜಾಗವಿತ್ತು. ಒಬ್ಬರೂ ಬರೆಯಲಿಲ್ಲ. ಯಾಕೆ?

ಈ ಲೇಖನ ಆ ‘ಯಾಕೆ’ಗೆ ಉತ್ತರ. ಸಹಾಯಕನಾಗಿ ಸೇರಿ, ಉಪ ಕಾರ್ಯದರ್ಶಿಯಾಗಿ ನಿವೃತ್ತನಾದವನು ನಾನು. ಹೊರಗಿನಿಂದ ನೋಡುವವರಿಗೆ ಅಧಿಕಾರಶಾಹಿ ಎಂದರೆ ಸೋಮಾರಿತನ ಮತ್ತು ಲಂಚ. ಎರಡೂ ಇವೆ, ಇಲ್ಲವೆನ್ನುವುದಿಲ್ಲ. ಆದರೆ ಸೋಮಾರಿಯಲ್ಲದ, ಕೈ ಚಾಚದ ಸಿಬ್ಬಂದಿ ಇರುವ ಶಾಖೆಯಲ್ಲೂ ಕಡತ ನಿಲ್ಲುತ್ತದೆ. ಅದು ಅರ್ಥವಾಗಬೇಕಾದರೆ ಮೊದಲು ಕಡತ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕು.

ಕಡತದಲ್ಲಿ ಎರಡು ಭಾಗ. ಒಂದು ಪತ್ರ ವ್ಯವಹಾರ: ಬಂದ ಅರ್ಜಿ, ಕೆಳಗಿನ ಕಚೇರಿಯ ಪ್ರಸ್ತಾವನೆ, ನಾವು ಕಳಿಸಿದ ಪತ್ರಗಳು. ಇನ್ನೊಂದು ಟಿಪ್ಪಣಿ: ಆ ಪತ್ರಗಳ ಮೇಲೆ ನಾವು ಒಬ್ಬರಿಗೊಬ್ಬರು ಬರೆದುಕೊಳ್ಳುವ ಮಾತು. ಟಪಾಲಿನಲ್ಲಿ ಬಂದ ಪತ್ರಕ್ಕೆ ಮೊದಲು ವಿಷಯ ನಿರ್ವಾಹಕ ಟಿಪ್ಪಣಿ ಮಂಡಿಸುತ್ತಾನೆ. ಅಲ್ಲಿಂದ ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ, ಇಲಾಖೆಯ ಕಾರ್ಯದರ್ಶಿ ಅಥವಾ ಪ್ರಧಾನ ಕಾರ್ಯದರ್ಶಿ, ವಿಷಯ ದೊಡ್ಡದಾದರೆ ಸಚಿವರು, ಇನ್ನೂ ದೊಡ್ಡದಾದರೆ ಮುಖ್ಯಮಂತ್ರಿ ಅಥವಾ ಸಚಿವ ಸಂಪುಟ. ಯಾವುದು ಎಲ್ಲಿಯವರೆಗೆ ಹೋಗಬೇಕು ಎನ್ನುವುದಕ್ಕೆ 1977ರ ಕಾರ್ಯನಿರ್ವಹಣಾ ನಿಯಮಗಳಿವೆ. ಸಂವಿಧಾನದ 166ನೇ ಅನುಚ್ಛೇದದ ಅಡಿ ರಾಜ್ಯಪಾಲರು ಮಾಡಿದ ನಿಯಮಗಳು ಅವು.

ಹತ್ತಿದ ಕಡತ ಅದೇ ಮೆಟ್ಟಿಲಿನಲ್ಲಿ ಇಳಿದೂ ಬರಬೇಕು. ನಡುವೆ ಅಡ್ಡದಾರಿಗಳಿವೆ. ಹಣದ ಪ್ರಶ್ನೆ ಇದ್ದರೆ ಆರ್ಥಿಕ ಇಲಾಖೆಯ ಸಹಮತಿ, ಕಾನೂನಿನ ತೊಡಕಿದ್ದರೆ ಕಾನೂನು ಇಲಾಖೆಯ ಅಭಿಪ್ರಾಯ, ಸೇವಾ ನಿಯಮದ ಮಾತಾದರೆ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ. ಅಲ್ಲಿಗೆ ಹೋದ ಕಡತ ಅಲ್ಲಿನ ಏಣಿಯನ್ನೂ ಹತ್ತಿ ಇಳಿದು ಬರಬೇಕು. ಒಂದು ಸಣ್ಣ ಮಂಜೂರಾತಿಗೆ ಹದಿನೈದು ಇಪ್ಪತ್ತು ಸಹಿ ಬೀಳುವುದು ಹೀಗೆ.

ಎಲ್ಲ ಮುಗಿದು ಆದೇಶ ಹೊರಬಿದ್ದಾಗ ಕೊನೆಯಲ್ಲಿ ಏನಿರುತ್ತದೆ ನೋಡಿ: ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’. ಕೆಳಗೆ ಅಧೀನ ಕಾರ್ಯದರ್ಶಿಯ ಸಹಿ. ರಾಜ್ಯಪಾಲರು ಆ ಕಡತವನ್ನು ನೋಡಿರುವುದಿಲ್ಲ. ಸಹಿ ಮಾಡಿದ ಅಧೀನ ಕಾರ್ಯದರ್ಶಿ ನಿರ್ಧಾರ ತೆಗೆದುಕೊಂಡವರಲ್ಲ. ಟಿಪ್ಪಣಿ ಹಾಳೆ ತೆರೆದರೆ ಅಲ್ಲಿಯೂ ಒಬ್ಬರು ಕಾಣುವುದಿಲ್ಲ. ಕೆಳಗಿನವರು ‘ಆದೇಶಕ್ಕಾಗಿ ಸಲ್ಲಿಸಿದೆ’ ಎಂದಿರುತ್ತಾರೆ, ನಡುವಿನವರು ‘ಮೇಲಿನಂತೆ’ ಎಂದಿರುತ್ತಾರೆ, ಮೇಲಿನವರು ‘ಕಂಡಿಕೆ 12 ಅನುಮೋದಿಸಿದೆ’ ಎಂದಿರುತ್ತಾರೆ. ಕೆಳಗಿನವರನ್ನು ಕೇಳಿದರೆ ಆದೇಶ ಮಾಡಿದ್ದು ಮೇಲಿನವರು. ಮೇಲಿನವರನ್ನು ಕೇಳಿದರೆ ಮಂಡಿಸಿದ್ದು ಕೆಳಗಿನವರು. ಕಡತದ ಏಣಿ ಉತ್ತರವನ್ನು ಹುಡುಕುವುದಕ್ಕಿಂತ ಹೆಚ್ಚಾಗಿ ಹೊಣೆಯನ್ನು ಹಂಚುತ್ತದೆ. ಹಂಚಿ ಹಂಚಿ ಯಾರ ಪಾಲಿಗೂ ಉಳಿಯದಷ್ಟು ತೆಳುವಾಗುತ್ತದೆ.

ಇದು ಯಾರದೋ ಕುತಂತ್ರವಲ್ಲ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡು ಬೆಂಗಳೂರನ್ನು ಕೇಂದ್ರ ಮಾಡಿಕೊಂಡರು. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ. ಹದಿನೆಂಟು ಇಲಾಖೆಗಳ ಅಠಾರ ಕಚೇರಿಗೆ ಕೆಂಪು ಕಟ್ಟಡ ಎದ್ದದ್ದು 1860ರ ದಶಕದಲ್ಲಿ. ಇವತ್ತು ಅದರಲ್ಲಿ ಹೈಕೋರ್ಟ್ ಇದೆ. ದೂರದಿಂದ ಬಂದ, ಭಾಷೆ ಬಾರದ, ಕೆಲವೇ ವರ್ಷ ಇದ್ದು ಹೋಗುವ ಮೇಲಧಿಕಾರಿಗೆ ಸ್ಥಳೀಯ ಗುಮಾಸ್ತನ ಮೇಲೆ ನಂಬಿಕೆ ಇರುವುದಿಲ್ಲ. ಆದ್ದರಿಂದ ಎಲ್ಲವೂ ಬರಹದಲ್ಲಿರಬೇಕು, ಒಬ್ಬ ಬರೆದದ್ದನ್ನು ಇನ್ನೊಬ್ಬ ನೋಡಬೇಕು. ಆಗ ಅದಕ್ಕೆ ಅರ್ಥವಿತ್ತು. ರಸ್ತೆಯಾಚೆ 1956ರಲ್ಲಿ ವಿಧಾನಸೌಧ ಪೂರ್ಣವಾಗಿ ನಮ್ಮದೇ ಸರ್ಕಾರ ಅದರೊಳಗೆ ಕೂತ ಮೇಲೂ ಅಪನಂಬಿಕೆಯ ಆ ಏಣಿಯನ್ನು ನಾವು ಹಾಗೆಯೇ ಇಟ್ಟುಕೊಂಡೆವು.

ಈಗ ಹೆದರಿಕೆಯ ಮಾತಿಗೆ ಬರುತ್ತೇನೆ. ಹೊರಗಿನವರಿಗೆ ಇದು ಅಷ್ಟಾಗಿ ಕಾಣುವುದಿಲ್ಲ.

ಒಬ್ಬ ಅಧಿಕಾರಿ ಒಂದು ಪ್ರಸ್ತಾವನೆಗೆ ‘ಆಗಲಿ’ ಎಂದು ಬರೆದ ಎಂದಿಟ್ಟುಕೊಳ್ಳಿ. ಮುಂದೆ ಅದರಲ್ಲಿ ಲೋಪ ಕಂಡರೆ ಲೆಕ್ಕಪರಿಶೋಧನೆಯ ಆಕ್ಷೇಪಣೆ ಬರುತ್ತದೆ, ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಮುಂದೆ ಉತ್ತರ ಹೇಳಬೇಕಾಗುತ್ತದೆ, ಲೋಕಾಯುಕ್ತಕ್ಕೆ ದೂರು ಹೋಗಬಹುದು. ನಿವೃತ್ತಿಯಾದರೂ ಬಿಡುಗಡೆಯಿಲ್ಲ. ಘಟನೆ ನಡೆದು ನಾಲ್ಕು ವರ್ಷ ಮೀರಿರದಿದ್ದರೆ ಸೇವಾ ನಿಯಮಾವಳಿಯ 214ನೇ ನಿಯಮದಡಿ ನಿವೃತ್ತನ ಮೇಲೂ ಇಲಾಖಾ ವಿಚಾರಣೆ ಹೂಡಬಹುದು, ಪಿಂಚಣಿ ತಡೆಯಬಹುದು. ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ 2018ರ ತಿದ್ದುಪಡಿಗೆ ಮೊದಲು ಇನ್ನೊಂದು ಉಪವಿಧಿ ಇತ್ತು. ಅಧಿಕಾರಿ ತಾನು ಒಂದು ಪೈಸೆ ಮುಟ್ಟದಿದ್ದರೂ, ಸಾರ್ವಜನಿಕ ಹಿತಾಸಕ್ತಿ ಇಲ್ಲದೆ ಇನ್ನೊಬ್ಬರಿಗೆ ಲಾಭ ಮಾಡಿಕೊಟ್ಟ ಎಂದು ಸಾಬೀತಾದರೆ ಅದೂ ಅಪರಾಧವೇ. ಸಾರ್ವಜನಿಕ ಹಿತಾಸಕ್ತಿ ಯಾವುದು ಎನ್ನುವುದು ಹತ್ತು ವರ್ಷದ ನಂತರ ತೀರ್ಮಾನವಾಗುವ ಮಾತು.

ಈಗ ಇನ್ನೊಬ್ಬ ಅಧಿಕಾರಿಯನ್ನು ನೋಡಿ. ಆತ ‘ಆಗಲಿ’ ಎನ್ನಲಿಲ್ಲ, ‘ಬೇಡ’ ಎನ್ನಲೂ ಇಲ್ಲ. ‘ಕೆಳಕಂಡ ಅಂಶಗಳ ಬಗ್ಗೆ ಸ್ಪಷ್ಟೀಕರಣ ಪಡೆದು ಮರು ಮಂಡಿಸಿ’ ಎಂದು ಬರೆದ. ಎರಡು ತಿಂಗಳಾದ ಮೇಲೆ ಸ್ಪಷ್ಟೀಕರಣ ಬಂತು. ಆತ ಇನ್ನೊಂದು ಪ್ರಶ್ನೆ ಕೇಳಿದ. ಈ ಅಧಿಕಾರಿಗೆ ಯಾವ ಆಕ್ಷೇಪಣೆಯೂ ಬರುವುದಿಲ್ಲ. ಅಷ್ಟರಲ್ಲಿ ಶಾಲೆಯ ಕಟ್ಟಡ ಕುಸಿದರೂ, ಪಿಂಚಣಿ ಕಾಯುತ್ತಿದ್ದವರು ಕಣ್ಣು ಮುಚ್ಚಿದರೂ ‘ಪ್ರಶ್ನೆ ಯಾಕೆ ಕೇಳಿದೆ’ ಎಂದು ಯಾರನ್ನೂ ಅಮಾನತು ಮಾಡಿದ್ದನ್ನು ನನ್ನ ಸೇವೆಯುದ್ದಕ್ಕೂ ನಾನು ಕಾಣಲಿಲ್ಲ. ಕೆಲಸ ಮಾಡಿದ್ದಕ್ಕೆ ಶಿಕ್ಷೆಯುಂಟು, ಮಾಡದೇ ಇದ್ದದ್ದಕ್ಕೆ ಇಲ್ಲ. ಇಂಥ ಮನೆಯಲ್ಲಿ ಬುದ್ಧಿವಂತ ಯುವಕ ಎರಡೇ ವರ್ಷದಲ್ಲಿ ಏನು ಕಲಿಯುತ್ತಾನೆ ಎಂದು ಹೇಳಬೇಕಾಗಿಲ್ಲ. ನಾನೂ ಕಲಿತೆ. ಆ ಮಗಳ ಕಡತದಲ್ಲಿ ಒಂದು ಸಾಲು ಹೆಚ್ಚಿಗೆ ಬರೆಯದೆ ಇದ್ದದ್ದು ಆ ಕಲಿಕೆಯಿಂದ.

ಬಾಯಿಮಾತಿನ ಆದೇಶ ಈ ಹೆದರಿಕೆಗೆ ಇನ್ನೊಂದು ಮುಖ. ಫೋನಿನಲ್ಲಿ ‘ಇದನ್ನು ಮಾಡಿಕೊಡಿ’ ಎನ್ನುವವರು ಕಡತದಲ್ಲಿ ಬರೆಯುವುದಿಲ್ಲ. ‘ಚರ್ಚಿಸಿ’ ಎಂಬ ಒಂದೇ ಪದ ಬರೆದು ಕಡತ ಹಿಂದಿರುಗಿಸುತ್ತಾರೆ. ಚರ್ಚೆಯಾದ ಮೇಲೆ ಕೆಳಗಿನವನ ಅಭಿಪ್ರಾಯ ಬದಲಾಗಿರುತ್ತದೆ. ಯಾಕೆ ಬದಲಾಯಿತು ಎಂಬುದು ಹಾಳೆಯಲ್ಲಿರುವುದಿಲ್ಲ. ಸಂಪುಟ ಕಾರ್ಯದರ್ಶಿಯಾಗಿ ನಿವೃತ್ತರಾಗಿದ್ದ ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತಿತರರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ: ಅಧಿಕಾರಿಗಳು ಬಾಯಿಮಾತಿನ ಆದೇಶದ ಮೇಲೆ ಕೆಲಸ ಮಾಡಬಾರದು, ಅಂಥ ಸೂಚನೆಯನ್ನು ದಾಖಲಿಸಬೇಕು, ಹುದ್ದೆಯಲ್ಲಿ ಕನಿಷ್ಠ ಅವಧಿಯ ಭದ್ರತೆ ಇರಬೇಕು. ಅವಧಿಯ ಭದ್ರತೆ ಇಲ್ಲದೆ ದಾಖಲಿಸುವ ಮಾತು ಬದುಕುವುದಿಲ್ಲ. ನಾಳೆ ವರ್ಗಾವಣೆಯಾಗುತ್ತದೆ ಎಂದು ಗೊತ್ತಿರುವವನು ಇವತ್ತು ‘ಮಾನ್ಯರು ದೂರವಾಣಿಯಲ್ಲಿ ಸೂಚಿಸಿದಂತೆ’ ಎಂದು ಬರೆಯಲಾರ.

ಹಾಗಾದರೆ ಸುಧಾರಣೆ ಆಗಿಯೇ ಇಲ್ಲವೇ? ಆಗಿದೆ. ಅದರಲ್ಲಿ ಯಾವುದು ನಿಂತಿತು, ಯಾಕೆ ನಿಂತಿತು ಎಂದು ನೋಡಿದರೆ ದಾರಿ ಕಾಣುತ್ತದೆ.

‘ಭೂಮಿ’ಯನ್ನು ಮೊದಲು ಹೇಳುತ್ತೇನೆ, ಏಕೆಂದರೆ ನಾನು ರೈತರ ಮನೆಯವನು, ಪಹಣಿಗಾಗಿ ಅಪ್ಪ ಅಲೆದದ್ದನ್ನು ಕಂಡವನು. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರಿದ್ದರು. ಊರಿನ ಜಮೀನಿನ ದಾಖಲೆ ಅವರ ಕೈಬರಹದ ಪುಸ್ತಕದಲ್ಲಿರುತ್ತಿತ್ತು. ಅವರು ಯಾವಾಗ ಸಿಗುತ್ತಾರೆ, ಯಾರ ಹೆಸರನ್ನು ಯಾವಾಗ ಬರೆಯುತ್ತಾರೆ ಎನ್ನುವುದು ಅವರ ಇಚ್ಛೆ. 2000ದ ಆಸುಪಾಸಿನಲ್ಲಿ ಆ ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಮುದ್ರಿತ ಪಹಣಿ ಕೊಡುವ ವ್ಯವಸ್ಥೆ ಬಂತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಹಿಂದೆ ನಿಂತರು.

ಎಲ್ಲರೂ ಹೊಗಳುವುದು ಕಂಪ್ಯೂಟರನ್ನು. ನನಗೆ ಮುಖ್ಯವಾಗಿ ಕಂಡದ್ದು ಬೇರೆ ಮೂರು ಸಂಗತಿ. ಕೈಬರಹದ ಪಹಣಿಗೆ ಮಾನ್ಯತೆಯನ್ನೇ ತೆಗೆದುಹಾಕಿದರು, ಅಂದರೆ ಹಳೆಯ ದಾರಿಗೆ ಮರಳುವ ಬಾಗಿಲು ಮುಚ್ಚಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳುವಂತೆ ತಂತ್ರಾಂಶ ಕಟ್ಟುಹಾಕಿತು, ಅಂದರೆ ‘ಇವರದ್ದು ಮೊದಲು’ ಎನ್ನುವ ಅಧಿಕಾರ ಹೋಯಿತು. ಮತ್ತು ದಾಖಲೆ ತಿದ್ದುವವರು ಬೆರಳಚ್ಚು ಒತ್ತಿ ಒಳಗೆ ಹೋಗಬೇಕಾಯಿತು. ಯಾವ ತಿದ್ದುಪಡಿ ಯಾರದ್ದು ಎನ್ನುವುದು ಅಳಿಸಲಾಗದಂತೆ ನಿಂತಿತು. ನಿರ್ಧಾರದ ಪಕ್ಕದಲ್ಲಿ ಒಬ್ಬ ಮನುಷ್ಯನ ಹೆಸರು ಬಂತು.

‘ಭೂಮಿ’ಯಿಂದ ಎಲ್ಲ ಸರಿಹೋಯಿತು ಎನ್ನಲಾರೆ. ಹಳೆಯ ಪುಸ್ತಕದ ತಪ್ಪುಗಳು ಹೊಸ ಪರದೆಯ ಮೇಲೂ ಬಂದವು. ಊರಿನಲ್ಲೇ ಆಗುತ್ತಿದ್ದ ಕೆಲಸಕ್ಕೆ ತಾಲ್ಲೂಕಿಗೆ ಬಸ್ಸು ಹತ್ತಬೇಕಾಯಿತು. ಆದರೆ ಆ ಬದಲಾವಣೆ ಬೇರು ಹಿಡಿಯಿತು.

2012ರ ಏಪ್ರಿಲ್ 2ರಂದು ‘ಸಕಾಲ’ ಬಂತು. ಹಿಂದಿನ ವರ್ಷ ಆಗಿದ್ದ ನಾಗರಿಕ ಸೇವಾ ಖಾತರಿ ಕಾಯ್ದೆಯ ಅಡಿ, 11 ಇಲಾಖೆಗಳ 151 ಸೇವೆಗಳೊಂದಿಗೆ. ಜಾತಿ ಪ್ರಮಾಣಪತ್ರಕ್ಕೆ ಇಷ್ಟು ದಿನ, ಪಡಿತರ ಚೀಟಿಗೆ ಇಷ್ಟು ದಿನ. ಅರ್ಜಿ ಕೊಟ್ಟರೆ 15 ಅಂಕಿಯ ಒಂದು ಸಂಖ್ಯೆ ಸಿಗುತ್ತದೆ. ಪ್ರತಿ ಸೇವೆಗೂ ಹೊಣೆಗಾರ ಅಧಿಕಾರಿ ಯಾರು, ಮೇಲ್ಮನವಿ ಯಾರಿಗೆ ಎಂದು ಕಾಯ್ದೆಯೇ ಗೊತ್ತುಮಾಡಿದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ. ಮೊತ್ತ ಸಣ್ಣದು. ಆದರೆ ತಡ ಮಾಡಿದ್ದಕ್ಕೂ ಬೆಲೆಯಿದೆ ಎಂದು ಹೇಳಿದ್ದು ಸಣ್ಣದಲ್ಲ. ಮೇಲೆ ಹೇಳಿದ ಇಬ್ಬರು ಅಧಿಕಾರಿಗಳಲ್ಲಿ ಎರಡನೆಯವನನ್ನು ನಮ್ಮ ರಾಜ್ಯದ ಕಾನೂನು ಇಷ್ಟು ನೇರವಾಗಿ ಮುಟ್ಟಿದ್ದು ಅಲ್ಲಿಯೇ.

ಅದರ ಸೋರಿಕೆ ಎಲ್ಲಿ ಎಂದೂ ಹೇಳಬೇಕು. ‘ಸಕಾಲ’ ಎಣಿಸುವುದು ವಿಲೇವಾರಿಯನ್ನು. ವಿಲೇವಾರಿ ಎಂದರೆ ಕೆಲಸ ಆಯಿತು ಎಂದಲ್ಲ, ಅರ್ಜಿ ಮೇಜಿನಿಂದ ಹೋಯಿತು ಎಂದು. ಗಡುವಿನ ಹಿಂದಿನ ದಿನ ‘ದಾಖಲೆ ಅಪೂರ್ಣ’ ಎಂದು ತಿರಸ್ಕರಿಸಿದರೂ ಲೆಕ್ಕದಲ್ಲಿ ಅದು ಸಕಾಲದ ವಿಲೇವಾರಿಯೇ. ಪಟ್ಟಿಯಲ್ಲಿ ಇಲಾಖೆ ಮೇಲೆ ಬರುತ್ತದೆ, ಅರ್ಜಿದಾರ ಮತ್ತೆ ಸಾಲಿನ ಕೊನೆಗೆ ಹೋಗುತ್ತಾನೆ. ಪರಿಹಾರವನ್ನು ಕೇಳಿ ಪಡೆಯುವವರಂತೂ ನಾನು ಕಂಡಂತೆ ತೀರಾ ಅಪರೂಪ. ನಾಳೆಯೂ ಅದೇ ಕಚೇರಿಗೆ ಬರಬೇಕಲ್ಲ ಎಂಬ ಅಳುಕು ಅವರದು.

ಕಾಗದದ ಕಡತದ ಬದಲು ಇ-ಆಫೀಸ್ ಬಂದಾಗ ನಾನು ತುಂಬಾ ಆಸೆ ಇಟ್ಟುಕೊಂಡಿದ್ದೆ. ಕಡತ ಕಳೆದುಹೋಗುವುದು ನಿಂತಿತು. ಯಾರ ಬಳಿ ಎಷ್ಟು ದಿನ ಇತ್ತು ಎನ್ನುವುದು ಕಾಣತೊಡಗಿತು. ಆದರೆ ಏಣಿಯ ಮೆಟ್ಟಿಲು ಒಂದೂ ಕಡಿಮೆಯಾಗಲಿಲ್ಲ. ‘ಮೇಲಿನಂತೆ’ ಎನ್ನುವ ಟಿಪ್ಪಣಿ ಪರದೆಯ ಮೇಲೂ ‘ಮೇಲಿನಂತೆ’ಯೇ. ಹಂತ ಕಡಿಮೆ ಮಾಡುವ ಮಾತು ಹೊಸದಲ್ಲ. ನಮ್ಮ ಸಚಿವಾಲಯದಲ್ಲಿ ಡೆಸ್ಕ್ ಅಧಿಕಾರಿಯ ವ್ಯವಸ್ಥೆ ಇರುವುದೇ ಅದಕ್ಕೆ: ವಿಷಯ ತಿಳಿದ ಒಬ್ಬ ಅಧಿಕಾರಿ ತಾನೇ ಟಿಪ್ಪಣಿ ಬರೆದು ನೇರ ಮೇಲಕ್ಕೆ ಕಳಿಸುವುದು. ಅಂಥ ಶಾಖೆಯಲ್ಲಿ ನಾನು ಕೆಲಸ ಮಾಡಿದ್ದೇನೆ. ಅಲ್ಲಿ ಟಿಪ್ಪಣಿಯ ಗುಣವೇ ಬೇರೆ. ಹಿಂದೆ ತಿದ್ದುವವರು ಯಾರೂ ಇಲ್ಲ ಎಂದು ಗೊತ್ತಿದ್ದಾಗ ಮನುಷ್ಯ ಓದಿ ಬರೆಯುತ್ತಾನೆ.

ಆಡಳಿತ ಸುಧಾರಣಾ ಆಯೋಗಗಳೂ ಬಂದಿವೆ. ಹಾರನಹಳ್ಳಿ ರಾಮಸ್ವಾಮಿಯವರದು ಮೊದಲನೆಯದು. ಮುಖ್ಯ ಕಾರ್ಯದರ್ಶಿಯಾಗಿದ್ದ ಟಿ.ಎಂ. ವಿಜಯಭಾಸ್ಕರ್ ಅವರದು ಎರಡನೆಯದು. ಆಮೇಲೆ ಆರ್.ವಿ. ದೇಶಪಾಂಡೆಯವರ ಅಧ್ಯಕ್ಷತೆಯಲ್ಲಿ ಇನ್ನೊಂದು. ಶ್ರಮದ ವರದಿಗಳು. ಆದರೆ ಒಂದು ಶಿಫಾರಸು ಜಾರಿಯಾಗಬೇಕಾದರೆ ಅದೂ ಕಡತವಾಗಿ ಇಲಾಖೆಗೆ ಬರಬೇಕು, ಅದೇ ಏಣಿ ಹತ್ತಬೇಕು. ಯಾರ ಅಧಿಕಾರ ಕಡಿಮೆಯಾಗುತ್ತದೆಯೋ ಅವರ ಅಭಿಪ್ರಾಯವನ್ನೇ ಕೇಳಬೇಕು. ಆಯೋಗದ ಜೊತೆಗೆ ಪ್ರತಿ ಶಿಫಾರಸಿಗೂ ಒಬ್ಬ ಅಧಿಕಾರಿಯನ್ನು, ಒಂದು ದಿನಾಂಕವನ್ನು ಗೊತ್ತುಮಾಡಿದ್ದರೆ ಫಲ ಬೇರೆಯಾಗುತ್ತಿತ್ತು ಎಂದು ನಾನು ನಂಬುತ್ತೇನೆ.

ರಾಜಧಾನಿಯ ಊರಾಡಳಿತದಲ್ಲಿ ಇದೇ ಕಾಯಿಲೆ ಬೀದಿಯಲ್ಲೇ ಕಾಣುತ್ತದೆ. ರಸ್ತೆ ಪಾಲಿಕೆಯದು, ಅದರ ಕೆಳಗಿನ ಕೊಳವೆ 1964ರಲ್ಲಿ ಹುಟ್ಟಿದ ಜಲಮಂಡಳಿಯದು, ಬಡಾವಣೆಯ ನಕ್ಷೆ 1976ರ ಬಿಡಿಎಯದು, ಬಸ್ಸು ಬಿಎಂಟಿಸಿಯದು, ತಂತಿ ಬೆಸ್ಕಾಂನದು. ಅಗೆದ ಗುಂಡಿ ಯಾರದು ಎಂದರೆ ಪತ್ರ ವ್ಯವಹಾರ ಶುರುವಾಗುತ್ತದೆ. 2007ರಲ್ಲಿ ಸುತ್ತಲಿನ ಪುರಸಭೆಗಳನ್ನೂ ನೂರಕ್ಕೂ ಹೆಚ್ಚು ಹಳ್ಳಿಗಳನ್ನೂ ಸೇರಿಸಿ ಬಿಬಿಎಂಪಿ ಮಾಡಿದರು. 2020ರ ಸೆಪ್ಟೆಂಬರ್‌ನಲ್ಲಿ ಚುನಾಯಿತ ಸದಸ್ಯರ ಅವಧಿ ಮುಗಿದ ಮೇಲೆ ವಾರ್ಡಿನ ಜನ ಹಿಡಿದು ಕೇಳಬಹುದಾಗಿದ್ದ ಮುಖವೂ ಇಲ್ಲವಾಯಿತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ಅದರಡಿ ಐದು ಪಾಲಿಕೆಗಳಾಗಿವೆ. ದೊಡ್ಡದು ಮಾಡುವುದು, ಒಡೆಯುವುದು ಎರಡನ್ನೂ ನೋಡಿದವನಾಗಿ ನಾನು ಕೇಳುವುದು ಇಷ್ಟೇ: ನನ್ನ ಬೀದಿಯ ಗುಂಡಿಗೆ ಉತ್ತರ ಹೇಳಬೇಕಾದ ಒಬ್ಬರ ಹೆಸರು ಈಗ ನನಗೆ ಗೊತ್ತಾಗುತ್ತದೆಯೇ?

ಇನ್ನೊಂದು ಮಾತು, ನಮ್ಮ ಭಾಷೆಯದು. 1963ರ ರಾಜಭಾಷಾ ಕಾಯ್ದೆಯಿಂದಾಗಿ ಕಡತಗಳು ಕನ್ನಡಕ್ಕೆ ಬಂದವು. ಅದಕ್ಕಾಗಿ ಹೋರಾಡಿದವರ ಮೇಲೆ ನನಗೆ ಅಪಾರ ಗೌರವ. ಆದರೆ ನಾವು ಕಚೇರಿಯಲ್ಲಿ ಕಟ್ಟಿಕೊಂಡ ಕನ್ನಡ ಯಾವುದು? ‘ಪರಿಶೀಲಿಸಲಾಗಿದೆ’, ‘ಪರಿಗಣಿಸಲು ಬರುವುದಿಲ್ಲ’, ‘ಸೂಕ್ತ ಕ್ರಮಕ್ಕಾಗಿ ಕಳುಹಿಸಿದೆ’. ಪರಿಶೀಲಿಸಿದ್ದು ಯಾರು? ಸೂಕ್ತ ಕ್ರಮ ಎಂದರೆ ಯಾವುದು? ಮನೆಯಲ್ಲಿ ಯಾವ ಕನ್ನಡಿಗನೂ ‘ಊಟ ಮಾಡಲಾಗಿದೆ’ ಎನ್ನುವುದಿಲ್ಲ. ಕಚೇರಿಯ ವಾಕ್ಯದಲ್ಲಿ ಕರ್ತೃ ಇರುವುದಿಲ್ಲ, ಏಕೆಂದರೆ ಏಣಿಯಲ್ಲಿಯೂ ಅವನಿಲ್ಲ. ನನ್ನ ಕೊನೆಯ ಹತ್ತು ವರ್ಷ ನನ್ನ ಶಾಖೆಯಲ್ಲಿ ಒಂದು ಪದ್ಧತಿ ಇಟ್ಟುಕೊಂಡಿದ್ದೆ. ತಿರಸ್ಕಾರದ ಪತ್ರದಲ್ಲಿ ಮೂರು ಸಾಲು ಇರಲೇಬೇಕು. ಯಾವ ನಿಯಮ, ಅದರ ಸಂಖ್ಯೆ ಏನು. ಅರ್ಜಿದಾರರ ವಿಷಯದಲ್ಲಿ ಅದು ಯಾಕೆ ಅನ್ವಯಿಸುತ್ತದೆ. ಒಪ್ಪಿಗೆಯಾಗದಿದ್ದರೆ ಯಾರಿಗೆ ಬರೆಯಬೇಕು. ಮೊದಲ ತಿಂಗಳು ಹುಡುಗರು ಕಷ್ಟಪಟ್ಟರು. ನಿಯಮದ ಸಂಖ್ಯೆ ಹುಡುಕಲು ಹೋದಾಗ ಕೆಲವು ಕಡತಗಳಲ್ಲಿ ಅಂಥ ನಿಯಮವೇ ಇಲ್ಲ ಎಂದು ತಿಳಿಯಿತು. ಹಿಂದಿನವರು ತಿರಸ್ಕರಿಸಿದ್ದರು, ಆದ್ದರಿಂದ ನಾವೂ ತಿರಸ್ಕರಿಸುತ್ತಿದ್ದೆವು.

ನಿಮ್ಮ ಅರ್ಜಿ ಎಲ್ಲೋ ನಿಂತಿದ್ದರೆ ‘ಏನಾಯಿತು’ ಎಂದು ಕೇಳಬೇಡಿ. ‘ಪರಿಶೀಲನೆಯಲ್ಲಿದೆ’ ಎನ್ನುವ ಉತ್ತರ ಸಿದ್ಧವಾಗಿರುತ್ತದೆ. ಮಾಹಿತಿ ಹಕ್ಕಿನಡಿ ಕಡತದ ಸಂಖ್ಯೆ ಬರೆದು, ಟಿಪ್ಪಣಿ ಪುಟಗಳ ಪ್ರತಿ ಕೇಳಿ. ಹತ್ತು ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಪ್ರತಿ ಬಂದ ಮೇಲೆ ಕೊನೆಯ ಪುಟದಿಂದ ಹಿಂದಕ್ಕೆ ಓದಿ. ಯಾವ ಸಹಿಯಲ್ಲಿ ದಿನಾಂಕಗಳ ನಡುವೆ ದೊಡ್ಡ ಅಂತರವಿದೆ, ಯಾವ ಪ್ರಶ್ನೆಯನ್ನು ಎರಡನೇ ಸಲ ಕೇಳಿದ್ದಾರೆ ಎಂದು ಗುರುತು ಹಾಕಿ. ನಿವೃತ್ತಿಗೆ ಕೆಲವು ತಿಂಗಳ ಮುಂಚೆ ಒಬ್ಬ ಹಿರಿಯ ಮೇಷ್ಟ್ರು ಹೀಗೆ ಗುರುತು ಹಾಕಿದ ಹಾಳೆ ಹಿಡಿದು ನನ್ನ ಕೊಠಡಿಗೆ ಬಂದಿದ್ದರು. ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದ ಎರಡು ಸಹಿಗಳಲ್ಲಿ ಒಂದು ನನ್ನದು. ‘ಇಲ್ಲಿ ನಲವತ್ತೊಂದು ದಿನ ಇದೆ ಸಾರ್, ಯಾಕೆ?’ ಎಂದು ಕೇಳಿದರು. ನನಗೆ ಕಾರಣ ನೆನಪಿರಲಿಲ್ಲ. ಅವರನ್ನು ಕೂರಿಸಿ, ಕಡತ ತರಿಸಿ, ಅಂದೇ ಸಂಜೆ ಅದನ್ನು ಮೇಲಕ್ಕೆ ಕಳಿಸಿದೆ. ಟಿಪ್ಪಣಿಯ ಕೊನೆಯಲ್ಲಿ ‘ತಡವಾದದ್ದು ನನ್ನಿಂದ’ ಎಂದು ಬರೆದು ಸಹಿ ಮಾಡಿದೆ.